ಷಡ್ಜ ಕದಲಿದಾಗ

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್ ಬರೆದ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ನಾರ್ವೆಯ ಕರ್ಸ್ಟೆನ್ ಫ್ಲ್ಯಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಸಂಜೆಯ ಖರ್ಚಿಗೆ ಬೆನ್ನಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣ ಕಂಡದ್ದೂ ಇದೇ ಮಹಾರಾಜರ ಹಣದಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದ್ದಾನೆ. ಇತ್ತ ವೀಣೆ ವೆಂಕಟಗಿರಿಯಪ್ಪನವರ ಬಳಿ ವೀಣೆ ಕಲಿತ ಒಡೆಯರು, ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಪಿಯಾನೊದಲ್ಲಿ ಪಳಗಿದ ಕೈ ವೀಣೆಗೆ ಎರವಾಗಲಿಲ್ಲ.

ಹಾಗಿದ್ದರೂ ನಮ್ಮ ಕಛೇರಿ ರಸಿಕರಲ್ಲಿ ಒಂದು ಅಳುಕು ಉಳಿದೇ ಇದೆ. ಬೇರೆ ಸಂಗೀತ ಕೇಳಿದರೆ ಕಿವಿ ಕೆಡುತ್ತದೆ, ಶ್ರುತಿಶುದ್ಧಿ ಹೋಗುತ್ತದೆ ಎಂಬ ಮಾತನ್ನು ಪಾಠ ಹೇಳುವವರಿಂದಲೂ ಕೇಳಬಹುದು. ಹಾಗೆ ಕೆಡುವುದಾಗಿದ್ದರೆ ಮುತ್ತುಸ್ವಾಮಿ ದೀಕ್ಷಿತರ ಕಿವಿ ಎಂದೋ ಕೆಡಬೇಕಿತ್ತು. ಬ್ರಿಟಿಷ್ ಬ್ಯಾಂಡುಗಳ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಆ ನೊಟ್ಟುಸ್ವರಗಳಲ್ಲಿ ಇಂಗ್ಲೆಂಡಿನ ರಾಜಗೀತೆಯ ಧಾಟಿಯೂ ಇದೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕೈಗೆತ್ತಿಕೊಂಡ ಯುರೋಪಿನ ಪಿಟೀಲು ಇಂದು ಇಲ್ಲದೆ ಕಛೇರಿಯೇ ನಡೆಯದು.

ರಾಗದಲ್ಲಿ ಪಳಗಿದ ಕಿವಿಗೆ ಹೊರಗಿನ ಸಂಗೀತದ ಮೊದಲ ಬಾಗಿಲು ಸಾಮಾನ್ಯವಾಗಿ ಸ್ವರಗಳ ಗುರುತಿನಿಂದಲೇ ತೆರೆಯುತ್ತದೆ. ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಹಾಡು ‘ಮಿಸಿರ್ಲೂ’ವನ್ನು ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ 1962ರಲ್ಲಿ ಬಿರುಗಾಳಿಯ ವೇಗದಲ್ಲಿ ನುಡಿಸಿದ. ‘ಪಲ್ಪ್ ಫಿಕ್ಷನ್’ ಚಿತ್ರದ ಮೊದಲಲ್ಲಿ ಬರುವುದು ಅದೇ. ಸರಳೆ ವರಸೆ ಕಲಿತ ಮಗುವನ್ನು ಕೂರಿಸಿ ಕೇಳಿಸಿದರೆ, ಅದು ಮಾಯಾಮಾಳವಗೌಳದ ಸ್ವರಗಳನ್ನು ಹಿಡಿದುಬಿಟ್ಟೀತು. ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’ ಮೋಹನದ ಐದು ಸ್ವರಗಳಲ್ಲಿ ನಡೆಯುತ್ತದೆ. ಅಮೆರಿಕದ ಕಪ್ಪು ಜನರ ಬ್ಲೂಸ್‌ಗೆ ಆಧಾರವಾದ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವು. ಗಿಟಾರಿನ ತಂತಿಯನ್ನು ಪಕ್ಕಕ್ಕೆ ಎಳೆದು ಗಾಂಧಾರವನ್ನು ಕೊಂಚ ಏರಿಸುವ ಅವರ ರೀತಿ ವೀಣೆ ಕೇಳಿದವರಿಗೆ ಹೊಸದೇನಲ್ಲ. ತಾಳಪ್ರಿಯರಿಗೆ ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಇದೆ. ಐದರ ಎಣಿಕೆ ಖಂಡ ಛಾಪುವಿನಂತೆಯೇ. ಆದರೆ ನಾವು ಎರಡು-ಮೂರು ಎಂದು ಮುರಿಯುವುದನ್ನು ಅವರು ಮೂರು-ಎರಡು ಎಂದು ಮುರಿಯುತ್ತಾರೆ, ಹಾಗಾಗಿ ತೊಡೆ ತಟ್ಟುವ ಕೈ ಸ್ವಲ್ಪ ಹೊತ್ತು ತಡವರಿಸುತ್ತದೆ.

ಈ ಗುರುತು ಹಿಡಿಯುವ ಆಟ ಮಜವಾಗಿದೆ, ಅಪಾಯಕಾರಿಯೂ ಆಗಿದೆ. ‘ಓ, ಇದು ಖರಹರಪ್ರಿಯ’ ಎಂದು ಪಕ್ಕದವರಿಗೆ ಹೇಳಿದ ಕ್ಷಣಕ್ಕೆ ಅನೇಕರ ಕೇಳುವಿಕೆ ನಿಂತುಹೋಗುತ್ತದೆ. ಸ್ವರಗಳು ಹೊಂದಿದ ಮಾತ್ರಕ್ಕೆ ರಾಗವಾಗುವುದಿಲ್ಲ ಎಂಬುದು ರಸಿಕರಿಗೇ ಚೆನ್ನಾಗಿ ಗೊತ್ತು. ಭೈರವಿಯನ್ನು ಆರೋಹಣ-ಅವರೋಹಣದಲ್ಲಿ ಹಿಡಿಯಲು ಯಾರೂ ಹೊರಡುವುದಿಲ್ಲ. ಆದರೂ ಜಾಝ್ ಕೇಳುವಾಗ ಅದೇ ಜನ ರಾಗದ ಹೆಸರು ಹಚ್ಚಿ, ಗಮಕವಿಲ್ಲವೆಂದು ದೂರಿ, ಎದ್ದುಬಿಡುತ್ತಾರೆ. ಇದು ಇಡ್ಲಿಯಲ್ಲಿ ದೋಸೆಯ ಗರಿಗರಿ ಹುಡುಕಿದಂತೆ.

ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಅದುವರೆಗಿನ ಜಾಝ್‌ನಲ್ಲಿ ಸ್ವರಮೇಳಗಳು ಸರಸರನೆ ಬದಲಾಗುತ್ತಿದ್ದವು, ವಾದಕನ ಮನೋಧರ್ಮ ಅವುಗಳ ಹಿಂದೆ ಓಡಬೇಕಿತ್ತು. ಡೇವಿಸ್ ಆ ಓಟವನ್ನು ನಿಲ್ಲಿಸಿ, ಒಂದೇ ಸ್ವರಶ್ರೇಣಿಯ ಮೇಲೆ ದೀರ್ಘವಾಗಿ ಕೂರುವ ಅವಕಾಶ ಮಾಡಿಕೊಟ್ಟ. ಅವನು ಸಂಗಡಿಗರ ಕೈಗೆ ಕೊಟ್ಟದ್ದು ಬರೀ ಸ್ಥೂಲ ಸೂಚನೆಗಳನ್ನು, ಮಿಕ್ಕದ್ದು ಮನೋಧರ್ಮ. ಮೊದಲ ರಚನೆ ‘ಸೋ ವಾಟ್’ ಮೂವತ್ತೆರಡು ಘಟಕಗಳ ಆವರ್ತ. ಹದಿನಾರು ಘಟಕ ಖರಹರಪ್ರಿಯದ್ದೇ ಶ್ರೇಣಿ. ಆಮೇಲಿನ ಎಂಟರಲ್ಲಿ ಅದೇ ಶ್ರೇಣಿ ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ, ಕೊನೆಯ ಎಂಟರಲ್ಲಿ ಮತ್ತೆ ಕೆಳಕ್ಕೆ ಬರುತ್ತದೆ.

ಕಛೇರಿಯ ನಡುವೆ ಯಾರೋ ತಂಬೂರಿಯ ಶ್ರುತಿಯನ್ನೇ ಏರಿಸಿದಂತೆ ಅನ್ನಿಸುವ ಜಾಗ ಅದು. ನಮ್ಮಲ್ಲಿ ಷಡ್ಜ ಕದಲುವುದಿಲ್ಲ, ಸಂಗೀತವೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿ ಷಡ್ಜ ಕದಲುವುದರಲ್ಲೇ ಸ್ವಾರಸ್ಯ. ಇದನ್ನು ಅರಿಯಲು ರಸಿಕರ ಬಳಿ ಒಂದು ಕೀಲಿಕೈ ಈಗಾಗಲೇ ಇದೆ: ಗ್ರಹಭೇದ. ಮೋಹನದ ರಿಷಭವನ್ನು ಷಡ್ಜವೆಂದು ಹಿಡಿದರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮವನ್ನು ಹಿಡಿದರೆ ಶುದ್ಧ ಸಾವೇರಿ. ಸ್ವರಗಳು ಅವೇ, ಕಾಲ ಕೆಳಗಿನ ನೆಲ ಬೇರೆ. ರಾಗಾಲಾಪನೆಯಲ್ಲಿ ಎಂದಾದರೊಮ್ಮೆ ಚಮತ್ಕಾರಕ್ಕೆಂದು ಬರುವ ಈ ನೆಲಪಲ್ಲಟ ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಹೆಜ್ಜೆಹೆಜ್ಜೆಗೂ ನಡೆಯುತ್ತದೆ. ಮೇಲಿನ ಸ್ವರ ಸುಮ್ಮನೆ ನಿಂತಿರುತ್ತದೆ, ಕೆಳಗಿನ ಮೇಳ ಬದಲಾಗಿ ಅದೇ ಸ್ವರಕ್ಕೆ ಬೇರೆ ಭಾವ ಬರುತ್ತದೆ. ಕಿವಿಯನ್ನು ಮೇಲಿನ ಎಳೆಯಿಂದ ಬಿಡಿಸಿ ತಳದ ದನಿಯ ಕಡೆ ತಿರುಗಿಸಬೇಕು, ಅಷ್ಟೇ. ಕಷ್ಟವಿರುವುದೂ ಅಲ್ಲೇ.

ಈ ಅಭ್ಯಾಸಕ್ಕೆ ಬಾಖ್‌ನ ‘ಶಕೋನ್’ಗಿಂತ ಒಳ್ಳೆಯ ಪಾಠ ಸಿಗದು. ಒಂಟಿ ಪಿಟೀಲು, ಸುಮಾರು ಕಾಲು ಗಂಟೆ, ಪಕ್ಕವಾದ್ಯವಿಲ್ಲ. ನಾಲ್ಕು ಘಟಕಗಳ ಒಂದು ಚಿಕ್ಕ ನಡೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದರ ಮೇಲೆ ಹೊಸ ಸಂಗತಿ. ಆವರ್ತನವನ್ನು ಎಣಿಸಬಲ್ಲವರು ಇದರಲ್ಲಿ ದಾರಿ ತಪ್ಪುವುದಿಲ್ಲ.

ಸ್ವರಮೇಳದ ಗೊಡವೆಯೇ ಬೇಡ ಎನ್ನುವವರು ಪಶ್ಚಿಮಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಈಜಿಪ್ಟಿನಲ್ಲಿ ಇಳಿದರೆ ಸಾಕು. ಉಮ್ ಕುಲ್ಸುಂ ತಿಂಗಳ ಮೊದಲ ಗುರುವಾರ ನೀಡುತ್ತಿದ್ದ ಕಛೇರಿಗಳು ಕೈರೊ ರೇಡಿಯೊದಲ್ಲಿ ಬರುತ್ತಿದ್ದವು. ಒಂದೇ ಹಾಡು ಗಂಟೆ ದಾಟುತ್ತಿತ್ತು. ಸಭೆ ಕೂಗಿ ಕೇಳಿದಂತೆಲ್ಲ ಒಂದು ಸಾಲನ್ನು ಆಕೆ ಮತ್ತೆ ಮತ್ತೆ, ಪ್ರತಿ ಬಾರಿ ಬೇರೆ ಬಣ್ಣದಲ್ಲಿ ಹಾಡುತ್ತಿದ್ದಳು. ನೆರವಲ್‌ಗೆ ಮನಸೋತವರಿಗೆ ಇದಕ್ಕೆ ಪೀಠಿಕೆ ಬೇಡ. ಅರಬ್ಬರ ರಾಸ್ತ್ ಮಖಾಮಿನ ಗಾಂಧಾರ ನಮ್ಮ ಸಾಧಾರಣಕ್ಕೂ ಅಂತರಕ್ಕೂ ನಡುವೆ ನಿಲ್ಲುತ್ತದೆ. ಪಿಯಾನೊದ ಮನೆಗಳಲ್ಲಿ ಆ ಸ್ವರ ಸಿಗುವುದಿಲ್ಲ, ಗಮಕಕ್ಕೆ ಒಗ್ಗಿದ ಕಿವಿಗೆ ಮಾತ್ರ ಬೇಗನೆ ಹಿಡಿಸುತ್ತದೆ.

ಹಾಗಾದರೆ ಫ್ಯೂಷನ್? ಹೆಚ್ಚಿನ ರಸಿಕರು ಮೊದಲು ಹೋಗುವುದು ಅಲ್ಲಿಗೇ, ಬೇಸತ್ತು ಹಿಂತಿರುಗುವುದೂ ಅಲ್ಲಿಂದಲೇ. ತಬಲದ ಪಕ್ಕ ಡ್ರಮ್ಸ್ ಇಟ್ಟು, ಹಂಸಧ್ವನಿಯ ಕೆಳಗೆ ನಾಲ್ಕು ಕಾರ್ಡುಗಳನ್ನು ಹಾಸಿದರೆ ಎರಡೂ ಕಡೆಯ ಸತ್ವ ಸೋರಿಹೋಗುತ್ತದೆ. ಗೆದ್ದವರೆಲ್ಲ ಎದುರಿನವರ ವಿದ್ಯೆಯನ್ನು ಕೂತು ಕಲಿತವರು. ಶಕ್ತಿ ತಂಡ ಕಟ್ಟುವ ಮೊದಲು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ಎಸ್. ರಾಮನಾಥನ್ ಅವರಿಂದ ವೀಣೆ ಕಲಿತಿದ್ದ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕೂಡ ಇದೇ ಸಾಲಿನದು. ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಈ ತಂಡ, ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಮಾಡಿದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಯುರೋಪಿನ ಹೆಸರಾಂತ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದಿತು. ಬೆಂಗಳೂರಿಗರಲ್ಲೇ ಅದನ್ನು ಕೇಳಿದವರು ಕಡಿಮೆ ಎಂಬುದು ಸೋಜಿಗ.

ಪಯಣ ಎದುರು ದಿಕ್ಕಿನಿಂದಲೂ ಬರುತ್ತದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ತರಲು ವರ್ಷಗಟ್ಟಲೆ ಬೆವರು ಸುರಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಕೊಂಡೊಯ್ದರು. ಅಮೆರಿಕದಲ್ಲಿ ಜಾಝ್ ಕಲಿಯುತ್ತಿದ್ದ ರುದ್ರೇಶ್ ಮಹಾಂತಪ್ಪನಿಗೆ ಅವನ ಅಣ್ಣ ತಮಾಷೆಗೆಂದು ಕೊಟ್ಟದ್ದು ಕದ್ರಿಯವರ ಒಂದು ಧ್ವನಿಮುದ್ರಿಕೆ. ಆ ತಮಾಷೆಯ ಫಲವಾಗಿ 2008ರಲ್ಲಿ ಇಬ್ಬರೂ ಜತೆಯಾಗಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಒಬ್ಬರು ಇನ್ನೊಬ್ಬರಂತೆ ನುಡಿಸಲು ಹೋಗದಿರುವುದೇ ಅದರ ಗುಣ.

ಆದ್ದರಿಂದ ಹೊಸದಾಗಿ ಹೊರಡುವವರು ಬೆರಕೆಯಿಂದ ಆರಂಭಿಸದೆ ಮೂಲಕ್ಕೇ ಹೋಗುವುದು ಒಳಿತು. ‘ಕೈಂಡ್ ಆಫ್ ಬ್ಲೂ’ ಇಡಿಯಾಗಿ ಮುಕ್ಕಾಲು ಗಂಟೆ, ಒಂದು ವಿಸ್ತಾರವಾದ ರಾಗ-ತಾನ-ಪಲ್ಲವಿಗಿಂತ ಚಿಕ್ಕದು. ಫೋನು ಬದಿಗಿಟ್ಟು ಮೊದಲ ಸಲ ತುತ್ತೂರಿಯನ್ನು ಕೇಳಿ, ಎರಡನೆಯ ಸಲ ತಳದಲ್ಲಿ ನಡೆಯುವ ಬಾಸ್ ಒಂದನ್ನೇ ಹಿಂಬಾಲಿಸಿ. ರಾಗದ ಹೆಸರು ನಾಲಿಗೆಯ ತುದಿಗೆ ಬಂದರೂ ಆ ಮುಕ್ಕಾಲು ಗಂಟೆ ಅದನ್ನು ಯಾರಿಗೂ ಹೇಳಬೇಡಿ.