ಶಿರಾದ ಅರಮನೆ, ದರಿಯಾ ದೌಲತಿನ ಗೋಡೆ

ತುಮಕೂರಿನಿಂದ ಪುಣೆ ಹೆದ್ದಾರಿ ಹಿಡಿದರೆ ಒಂದು ಗಂಟೆಯಲ್ಲಿ ಶಿರಾ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬೇದಾರರು ಈ ಸೀಮೆಯನ್ನು ಆಳಿದ್ದು ಇಲ್ಲಿಂದಲೇ. ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿ, ಮೊಗಲರಿಗೂ ಮೊದಲು ಇಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿ ಇಂದಿಗೂ ಗಟ್ಟಿಯಾಗಿ ನಿಂತಿವೆ. ಸುಬೇದಾರ ದಿಲಾವರ ಖಾನನ ಅರಮನೆ ಮಾತ್ರ ಉಳಿಯಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಹೈದರ್ ಮತ್ತು ಟಿಪ್ಪು ಅದನ್ನೇ ಮಾದರಿ ಮಾಡಿಕೊಂಡರೆಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ.

ಹಾಗಾಗಿ ಶಿರಾದ ಆ ಸೊಗಸು ಹೇಗಿತ್ತೆಂದು ಊಹಿಸಲು ಶ್ರೀರಂಗಪಟ್ಟಣದ ದರಿಯಾ ದೌಲತಿಗೆ ಹೋಗಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆಯಿದು. ಆಗ್ರಾ, ದೆಹಲಿಯ ಮಂಟಪಗಳಲ್ಲಿ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸಿದ್ದಾರೆ; ಇಲ್ಲಿ ಅಷ್ಟೂ ಅಲಂಕಾರ ಕುಂಚದ್ದು. ಕಂಬ, ಕಮಾನು, ಛಾವಣಿ ಎಲ್ಲಿ ನೋಡಿದರೂ ಹೂಬಳ್ಳಿ. ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧ: ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ಕರ್ನಲ್ ಬೈಲಿ, ಅವನ ಸುತ್ತ ಚೌಕಕಟ್ಟಿ ನಿಂತ ಕೆಂಪಂಗಿಯ ಸಿಪಾಯಿಗಳು, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ.

ಕಲ್ಲಿಗಿರುವ ಆಯಸ್ಸು ಬಣ್ಣಕ್ಕಿಲ್ಲ. ಈ ಚಿತ್ರದ ಮೇಲೂ ಒಮ್ಮೆ ಸುಣ್ಣ ಬಳಿದಿದ್ದರು. ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲಚಿತ್ರ ನೆನಪಿದ್ದ ಸ್ಥಳೀಯ ಕಲಾವಿದನೊಬ್ಬನಿಂದ ಅದನ್ನು ಮತ್ತೆ ಬರೆಸಿದ. ನಾವು ನೋಡುತ್ತಿರುವುದು ಆ ನೆನಪಿನ ಕೈಬರಹವನ್ನು. ಹೆಸರು ತಿಳಿಯದ ಆ ಚಿತ್ರಗಾರನಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇಂದಿನ ಸಂರಕ್ಷಕರು ಹಾಗೆ ಇಡೀ ಚಿತ್ರವನ್ನು ತಿದ್ದಿ ಬರೆಯುವುದಿಲ್ಲ. ಇಂಥ ಗೋಡೆಯ ಮುಂದೆ ಅವರ ಮೊದಲ ಉಪಕರಣ ಬೆರಳಿನ ಗೆಣ್ಣು. ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯಿಂದ ಬಿಟ್ಟಿದೆ ಎಂದರ್ಥ. ಅಲ್ಲಿ ಸಣ್ಣ ತೂತಿನಿಂದ ಸೂಜಿಯಲ್ಲಿ ತೆಳುವಾದ ಸುಣ್ಣದ ತಿಳಿ ಹಾಯಿಸಿ, ಮೆತ್ತಗೆ ಒತ್ತಿ ಹಿಡಿಯುತ್ತಾರೆ. ಬಣ್ಣ ಪೂರ್ತಿ ಹೋದ ಕಡೆ ಮಾತ್ರ ಸಣ್ಣ ಸಣ್ಣ ಗೆರೆ; ದೂರಕ್ಕೆ ಚಿತ್ರ ಕೂಡಿಕೊಳ್ಳುತ್ತದೆ, ಹತ್ತಿರ ಬಂದರೆ ಹೊಸದು ಯಾವುದು, ಹಳೆಯದು ಯಾವುದು ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಈ ಕಸುಬಿನ ಪ್ರಾಮಾಣಿಕತೆ ಇರುವುದೇ ಇಲ್ಲಿ. ದರಿಯಾ ದೌಲತಿನ ಜಗಲಿಯ ಸುತ್ತ ಇಳಿಬಿಟ್ಟ ಪರದೆಗಳೂ ಬಿಸಿಲಿಗೆ ಬಣ್ಣ ಮಾಸದಿರಲೆಂದೇ.

ಗೋಡೆಗೆ ದೊಡ್ಡ ಶತ್ರು ತೇವ. ಸುಣ್ಣದ ಗಾರೆ ಉಸಿರಾಡುತ್ತದೆ, ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ; ಉಪ್ಪು ಅರಳಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಿ ಗಾರೆಯ ಹಳೇ ಮನೆ, ಗುಡಿ ಇರುವವರಲ್ಲಿ ನನ್ನದೊಂದು ಕೋರಿಕೆ: ಬಿರುಕು ಕಂಡ ಕೂಡಲೇ ಸಿಮೆಂಟು ಮೂಟೆ ತರಿಸಬೇಡಿ, ಸುಣ್ಣದ ಗಾರೆ ಅರೆಯಬಲ್ಲ ಮೇಸ್ತ್ರಿಯನ್ನು ಮೊದಲು ಹುಡುಕಿ.