ಶಾಲೆ ನೋಡಲು ಯಾವ ದಿನ ಒಳ್ಳೆಯದು?

ಏಳನೆಯ ತರಗತಿಯ ಪರೀಕ್ಷೆ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಏಪ್ರಿಲ್ ತಿಂಗಳಿಡೀ ಒಂದೇ ಮಾತು: ‘ಎಂಟಕ್ಕೆ ಎಲ್ಲಿಗೆ ಸೇರಿಸುತ್ತೀರಿ?’ ಶಿವಮೊಗ್ಗದ ವಿನೋಬನಗರದಲ್ಲಿರಲಿ, ಭದ್ರಾವತಿಯ ಜನ್ನಾಪುರದಲ್ಲಿರಲಿ, ಈ ಪ್ರಶ್ನೆಗೆ ಉತ್ತರ ಹುಡುಕದ ಮನೆ ಕಡಿಮೆ. ರಾಜ್ಯ ಪಠ್ಯಕ್ರಮದಲ್ಲಿ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿದು, ಎಂಟರಿಂದ ಹತ್ತರವರೆಗೆ ಹೈಸ್ಕೂಲು. ಕೆಲವು ಪ್ರಾಥಮಿಕ ಶಾಲೆಗಳಿಗೆ ಎಂಟನೆಯ ತರಗತಿಯನ್ನೂ ಸೇರಿಸಿರುವುದರಿಂದ ಅಲ್ಲಿನ ಮಕ್ಕಳ ಮನೆಯಲ್ಲಿ ಈ ಮಾತು ಒಂದು ವರ್ಷ ತಡವಾಗಿ ಹುಟ್ಟುತ್ತದೆ, ಅಷ್ಟೆ. ಹೈಸ್ಕೂಲು ಎಂದರೆ ಬರೀ ಮೂರು ವರ್ಷ. ಆದರೆ ಆ ಮೂರು ವರ್ಷದ ತುದಿಯಲ್ಲಿ ಎಸ್ಸೆಸ್ಸೆಲ್ಸಿ ನಿಂತಿದೆ.

ಹೀಗಿದ್ದರೂ ನಮ್ಮಲ್ಲಿ ಬಹುಪಾಲು ತಂದೆತಾಯಿಗಳು ಮಗುವನ್ನು ಸೇರಿಸುವ ಶಾಲೆಯ ತರಗತಿಯೊಂದು ನಡೆಯುವುದನ್ನು ನೋಡಿರುವುದಿಲ್ಲ. ಸೀರೆ ಕೊಳ್ಳುವಾಗ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡುವವರು ಶಾಲೆಯನ್ನು ಮಾತ್ರ ಕೇಳಿದ ಮಾತಿನ ಮೇಲೆ ಒಪ್ಪಿಕೊಳ್ಳುತ್ತಾರೆ.

ಇಂಗ್ಲೆಂಡಿನಲ್ಲಿ ‘ಓಪನ್ ಡೇ’ ಎಂಬುದೊಂದಿದೆ. ಶಾಲೆ ತನ್ನ ಬಾಗಿಲನ್ನು ಮುಂದಿನ ವರ್ಷ ಸೇರಬಹುದಾದ ಮಕ್ಕಳಿಗೂ ಅವರ ಹೆತ್ತವರಿಗೂ ತೆರೆದಿಡುವ ದಿನ ಅದು. ಇದು ಬರೀ ಸೌಜನ್ಯದ ಮಾತಲ್ಲ, ಇದರ ಹಿಂದೆ ಕಾನೂನಿದೆ. 1980ರ ಶಿಕ್ಷಣ ಕಾಯಿದೆ ಹೆತ್ತವರಿಗೆ ತಮ್ಮ ಆಯ್ಕೆಯ ಶಾಲೆಯನ್ನು ಸೂಚಿಸುವ ಹಕ್ಕು ಕೊಟ್ಟಿತು. ಶಾಲೆಗಳು ತಮ್ಮ ಮಾಹಿತಿಯನ್ನು ಪ್ರಕಟಿಸಬೇಕೆಂದೂ ವಿಧಿಸಿತು. 1988ರ ಕಾಯಿದೆ, ಜಾಗ ಇರುವವರೆಗೆ ಬಂದ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂದಿತು. ಮಕ್ಕಳ ಸಂಖ್ಯೆಗೆ ತಕ್ಕಂತೆ ಹಣ ಬರುವ ಏರ್ಪಾಡಾದ ಮೇಲೆ ಶಾಲೆಗಳು ಜನರನ್ನು ಕರೆಯತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಮಾಧ್ಯಮಿಕ ಶಾಲೆಗೆ ಅರ್ಜಿ ಹಾಕಲು ಅಕ್ಟೋಬರ್ 31 ಕೊನೆಯ ದಿನ. ಹಾಗಾಗಿ ಈ ತೆರೆದ ದಿನಗಳು ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರಗಳ ನಡುವೆ ಬರುತ್ತವೆ. ಶಾಲೆ ನಡೆಯುತ್ತಿರುವಾಗಲೇ ನೋಡಿ, ಮನೆಗೆ ಹೋಗಿ ಯೋಚಿಸಿ, ಅರ್ಜಿ ಹಾಕುವ ಅನುಕೂಲ.

ನಮ್ಮಲ್ಲಿ ಪಂಚಾಂಗವೇ ತಿರುಗಾ ಮುರುಗಾ. ಶಾಲೆ ಆರಿಸುವುದು ಏಪ್ರಿಲ್–ಮೇ ತಿಂಗಳಲ್ಲಿ. ಆಗ ಶಾಲೆಗೆ ಬೇಸಿಗೆ ರಜೆ. ವಿಚಾರಿಸಲು ಹೋದವರಿಗೆ ಕಾಣುವುದು ಬೀಗ ಹಾಕಿದ ಕೊಠಡಿಗಳು, ಆಫೀಸಿನಲ್ಲಿ ಕುಳಿತ ಗುಮಾಸ್ತರು, ಗೋಡೆಗೆ ಅಂಟಿಸಿದ ಶುಲ್ಕದ ಪಟ್ಟಿ. ಶಾಲೆ ತನ್ನನ್ನು ತಾನು ತೋರಿಸಿಕೊಳ್ಳುವುದು ಡಿಸೆಂಬರ್–ಜನವರಿಯ ವಾರ್ಷಿಕೋತ್ಸವದಲ್ಲಿ. ಆ ಹೊತ್ತಿಗೆ ಆರಿಸುವ ಯೋಚನೆ ಯಾರಿಗೂ ಬಂದಿರುವುದಿಲ್ಲ. ಇನ್ನು ಮಾವಿನ ತೋರಣ ಕಟ್ಟಿ ಸಿಹಿ ಹಂಚುವ ಶಾಲಾ ಪ್ರಾರಂಭೋತ್ಸವ ಬರುವಾಗ ಟಿ.ಸಿ. ಆಗಲೇ ಕೈ ಬದಲಾಯಿಸಿರುತ್ತದೆ. ಈಚೆಗೆ ಖಾಸಗಿ ಶಾಲೆಗಳು ‘ಓಪನ್ ಹೌಸ್’ ಹೆಸರಿನಲ್ಲಿ ಜನರನ್ನು ಕರೆಯುವುದುಂಟು. ಅಂದು ಕಾಣುವುದು ಹೊಸ ಬಣ್ಣ, ಮೇಜಿನ ಮೇಲೆ ಜೋಡಿಸಿಟ್ಟ ವಿಜ್ಞಾನದ ಮಾದರಿಗಳು, ಪಾಠ ಒಪ್ಪಿಸಿದಂತೆ ಮಾತಾಡುವ ಮಕ್ಕಳು. ಹಿಂದೆ ಇನ್‌ಸ್ಪೆಕ್ಟರು ತಪಾಸಣೆಗೆ ಬರುವ ದಿನ ಅಂಗಳ ಸಾರಿಸಿ, ಚೆನ್ನಾಗಿ ಓದುವವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದುದು ಹಳಬರಿಗೆ ನೆನಪಿರಬಹುದು. ಹೆಸರು ಬದಲಾಗಿದೆ, ಶಾಸ್ತ್ರ ಅದೇ.

ಭದ್ರಾವತಿಯಲ್ಲಿ ಬಹಳ ಕಾಲ ಆಯ್ಕೆ ಎಂಬ ಪ್ರಶ್ನೆಗೆ ಅಷ್ಟು ಬಿಸಿ ಇರಲಿಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿಗೆ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಬಂತು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕಾರ್ಖಾನೆಯೊಂದಿಗೆ ಬಡಾವಣೆ, ಬಡಾವಣೆಯೊಂದಿಗೆ ಆಸ್ಪತ್ರೆ, ಮೈದಾನ, ಶಾಲೆ. ನ್ಯೂಟೌನ್, ಪೇಪರ್‌ಟೌನಿನ ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಮಗುವಿಗೆ ಶಾಲೆ ನಡೆದು ಹೋಗುವ ದೂರದಲ್ಲಿತ್ತು. ಮೇಷ್ಟ್ರು ಪಕ್ಕದ ಬೀದಿಯವರು. ತಂದೆ ಪಾಳಿ ಮುಗಿಸಿ ಬರುವಾಗ ದಾರಿಯಲ್ಲಿ ಸಿಕ್ಕರೆ ಮಗನ ಗಣಿತದ ಸಮಾಚಾರ ಅಲ್ಲೇ ತಿಳಿಯುತ್ತಿತ್ತು. ಇಂಗ್ಲೆಂಡಿನವರು ವರ್ಷಕ್ಕೊಂದು ದಿನ ತೆರೆದಿಡುವ ಬಾಗಿಲು ಇಲ್ಲಿ ವರ್ಷವೆಲ್ಲ ತೆರೆದೇ ಇತ್ತು ಎನ್ನಬಹುದು. ಹಳೇನಗರದ ಕಡೆಯ ಹೆಣ್ಣುಮಕ್ಕಳಿಗೆ ಸಂಚಿಹೊನ್ನಮ್ಮನ ಹೆಸರಿನ ಸರ್ಕಾರಿ ಬಾಲಿಕಾ ಶಾಲೆ ಆಸರೆಯಾಯಿತು. ಹದಿನೇಳನೆಯ ಶತಮಾನದಲ್ಲಿ ಮೈಸೂರರಸರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದು ಕಾವ್ಯ ಬರೆದ ಹೆಂಗಸಿನ ಹೆಸರನ್ನು ಹೆಣ್ಣುಮಕ್ಕಳ ಶಾಲೆಗೆ ಇಟ್ಟವರ ಅಭಿರುಚಿಯನ್ನು ಮೆಚ್ಚಬೇಕು.

ಆ ಏರ್ಪಾಡು ನಿಂತದ್ದು ಕಾರ್ಖಾನೆಯ ಮೇಲೆ. ಉಕ್ಕಿನ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ 1998ರಲ್ಲಿ ಅದರಲ್ಲೇ ಲೀನವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟ ನಡೆದು, ಅದೇ ವರ್ಷ ಒಂದು ಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಕ್ವಾರ್ಟರ್ಸ್ ಖಾಲಿಯಾದ ಹಾಗೆ ಅದನ್ನೇ ನೆಚ್ಚಿದ ಶಾಲೆಗಳ ಬೆಂಚೂ ಖಾಲಿಯಾಗುತ್ತದೆ. ಈಗ ಬೆಳಗಿನ ಬಸ್ಸಿನಲ್ಲಿ ಬ್ಯಾಗು ಹೊತ್ತು ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೊರಡುವ ಮಕ್ಕಳ ಮನೆಯವರಿಗೆ ಅಲ್ಲಿನ ಮೇಷ್ಟ್ರು ಯಾರೋ ತಿಳಿಯದು. ಗುರುತಿನ ಜಾಗವನ್ನು ಈಗ ವಿಚಾರಣೆ ತುಂಬಬೇಕಾಗಿದೆ.

ಶಿವಮೊಗ್ಗದ ಕಥೆ ಬೇರೆ. ಅಲ್ಲಿ ಶಾಲೆಗಳನ್ನು ಕಟ್ಟಿದ್ದು ಸರ್ಕಾರ, ಮಿಶನ್ನಿನವರು ಮತ್ತು ಊರಿನ ಸಮಿತಿಗಳು. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಬಂತು. ಇಂದಿನ ಸಹ್ಯಾದ್ರಿ ಕಾಲೇಜು ಅದೇ. ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ 1943ರಲ್ಲಿ ದೇಶೀಯ ವಿದ್ಯಾಶಾಲೆ, 1946ರಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿ ಹುಟ್ಟಿದವು. ‘ದೇಶೀಯ’, ‘ರಾಷ್ಟ್ರೀಯ’ ಎಂಬ ಹೆಸರುಗಳೇ ಆ ಕಾಲದ ಸಾಕ್ಷಿ. ಬಿ.ಎಚ್. ರಸ್ತೆಯ ಉದ್ದಕ್ಕೆ ನಡೆದರೆ ಸರ್ಕಾರಿ ಶಾಲೆ, ಕ್ರೈಸ್ತ ಸಂನ್ಯಾಸಿನಿಯರ ಮೇರಿ ಇಮ್ಮಾಕ್ಯುಲೇಟ್, ಸಮಿತಿಯ ಕಸ್ತೂರಬಾ, ಹೀಗೆ ಮೂರು ಬಗೆಯ ಪರಂಪರೆಗಳ ಶಾಲೆಗಳ ಹೆಸರು ಕೇಳಿಬರುತ್ತದೆ. ನಗರದ ಹೊರಗೆ ಗಾಜನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಆದರೆ ಅದಕ್ಕೆ ಪ್ರವೇಶ ಪರೀಕ್ಷೆ ಬರೆದು ಸೇರುವುದು ಮುಖ್ಯವಾಗಿ ಆರನೆಯ ತರಗತಿಗೆ. ಏಳು ಮುಗಿಸಿ ಎಚ್ಚೆತ್ತವರಿಗೆ ಆ ಬಸ್ಸು ಹೊರಟುಹೋಗಿರುತ್ತದೆ.

ಎಂಟನೆಯ ತರಗತಿಯ ಆಯ್ಕೆಯಲ್ಲಿ ಶಾಲೆಗಿಂತ ದೊಡ್ಡದು ಮಾಧ್ಯಮದ ಪ್ರಶ್ನೆ. ಮೊದಲ ನಾಲ್ಕು ತರಗತಿ ಕನ್ನಡ ಅಥವಾ ಮಾತೃಭಾಷೆಯಲ್ಲೇ ನಡೆಯಬೇಕೆಂಬ 1994ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟು 2014ರ ಮೇ 6ರಂದು ಒಪ್ಪಲಿಲ್ಲ. ಅಲ್ಲಿಂದ ಮುಂದೆ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಎಂಬುದು ಸಾಮಾನ್ಯವಾಯಿತು. ಆದರೂ ಕನ್ನಡದಲ್ಲಿ ಏಳು ವರ್ಷ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಜಿಗಿಯುವ ಮಕ್ಕಳು ಇಂದಿಗೂ ಸಾಕಷ್ಟಿದ್ದಾರೆ. ದ್ಯುತಿಸಂಶ್ಲೇಷಣೆ ಒಂದು ಬೇಸಿಗೆ ಕಳೆಯುವುದರಲ್ಲಿ ಫೋಟೋಸಿಂಥೆಸಿಸ್ ಆಗುತ್ತದೆ, ಲಂಬಕೋನ ರೈಟ್ ಆ್ಯಂಗಲ್ ಆಗುತ್ತದೆ. ತಿಳಿದ ವಿಷಯವೇ ತಿಳಿಯದ ಹಾಗಾಗಿ, ಏಳರಲ್ಲಿ ಮೊದಲಿಗನಾದ ಹುಡುಗ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಾನೆ. ದಡ್ಡನಾದ ಎಂದು ಮನೆಯವರು ಕೊರಗುತ್ತಾರೆ. ಇಂಥ ಮಕ್ಕಳಿಗೆ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಹೇಳಿಕೊಡುತ್ತೀರಾ ಎಂಬುದು ಸೇರಿಸುವ ಮುಂಚೆ ಮುಖ್ಯೋಪಾಧ್ಯಾಯರನ್ನು ಕೇಳಲೇಬೇಕಾದ ಪ್ರಶ್ನೆ. ಇಂಗ್ಲಿಷ್ ಬಿಟ್ಟು ಬೇರೇನೂ ನಮ್ಮಲ್ಲಿ ನಡೆಯದು ಎಂದು ಹೆಮ್ಮೆಯಿಂದ ಹೇಳುವ ಶಾಲೆ ಈ ಮಗುವಿಗೆ ಒಳ್ಳೆಯ ಶಾಲೆಯಲ್ಲ.

ಇನ್ನು ಫಲಿತಾಂಶ. ಗೇಟಿನ ಮೇಲಿನ ಬ್ಯಾನರಿನಲ್ಲಿ ‘ನೂರಕ್ಕೆ ನೂರು’ ಎಂದು ಬರೆದಿದ್ದರೆ ಹೆಚ್ಚಿನವರ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. 625ಕ್ಕೆ ಇಷ್ಟು ತೆಗೆದವರ ಭಾವಚಿತ್ರಗಳು ಬೇರೆ. ಆದರೆ ಶೇಕಡಾವಾರು ಲೆಕ್ಕ ಹಾಕುವುದು ಪರೀಕ್ಷೆಗೆ ಕುಳಿತವರ ಮೇಲೆ, ಶಾಲೆಗೆ ಸೇರಿದವರ ಮೇಲಲ್ಲ. ಎಂಟಕ್ಕೆ ಅರವತ್ತು ಮಕ್ಕಳು ಸೇರಿ, ಒಂಬತ್ತರಲ್ಲಿ ಹತ್ತು ಮಕ್ಕಳನ್ನು ಅಲ್ಲೇ ಕೂರಿಸಿ, ಇನ್ನೈದು ಜನರಿಗೆ ಟಿ.ಸಿ. ಕೊಟ್ಟು ಕಳಿಸಿ, ಉಳಿದ ನಲವತ್ತೈದೂ ಮಂದಿ ಪಾಸಾದರೆ ಫಲಿತಾಂಶ ನೂರಕ್ಕೆ ನೂರೇ. ಪಕ್ಕದ ಶಾಲೆಯಲ್ಲಿ ಸೇರಿದ ಅರವತ್ತೂ ಮಕ್ಕಳನ್ನು ಪರೀಕ್ಷೆಗೆ ಕೂರಿಸಿ ಐವತ್ತೆರಡು ಪಾಸಾದರೆ ಶೇಕಡಾ 86 ಚಿಲ್ಲರೆ. ಗೆದ್ದದ್ದು ಯಾರು? ಕೇಳಬೇಕಾದದ್ದು ಎರಡೇ ಅಂಕಿ: ಈ ಸಾರಿ ಹತ್ತನೆಯ ತರಗತಿಯ ಪರೀಕ್ಷೆ ಬರೆದವರೆಷ್ಟು, ಅದೇ ತಂಡ ಎಂಟಕ್ಕೆ ಸೇರಿದಾಗ ಇದ್ದವರೆಷ್ಟು. ಉತ್ತರ ಹೇಳಲು ಹಿಂಜರಿಯುವ ಶಾಲೆ ಆಗಲೇ ಅರ್ಧ ಉತ್ತರ ಕೊಟ್ಟಂತೆ. ಊರುಗಳಲ್ಲಿ ಹೆಸರು ಮಾಡಿರುವ ಬಹಳಷ್ಟು ಶಾಲೆಗಳ ಕೀರ್ತಿಯಲ್ಲಿ ಹೀಗೆ ಬಿಟ್ಟುಹೋದ ಮಕ್ಕಳ ಪಾಲೂ ಇರಬಹುದು. ಅವರ ಭಾವಚಿತ್ರ ಬ್ಯಾನರಿಗೆ ಏರುವುದಿಲ್ಲ.

ಅಂಕಿಗಳ ಮೇಲೆ ಬಹಳ ಭಾರ ಹಾಕಬಾರದೆನ್ನುವುದಕ್ಕೆ ಇನ್ನೊಂದು ನಿದರ್ಶನವಿದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ 2024ರಲ್ಲಿ, ಕೃಪಾಂಕ ಹೆಚ್ಚಿಸಿ ಕೊಟ್ಟ ಮೇಲೂ, ಅದು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳೂ ಮೇಷ್ಟ್ರುಗಳೂ ಅಷ್ಟು ಕೆಟ್ಟುಹೋದರು ಎನ್ನಲಾದೀತೆ?

ಹಾಗಾದರೆ ನೋಡುವುದು ಯಾವಾಗ? ಯಾವ ವಿಶೇಷವೂ ಇಲ್ಲದ ಒಂದು ದಿನ, ಏಳನೆಯ ತರಗತಿ ಇನ್ನೂ ನಡೆಯುತ್ತಿರುವಾಗಲೇ, ನವೆಂಬರಿನ ಒಂದು ಮಂಗಳವಾರವೋ ಬುಧವಾರವೋ ಹೋಗಬೇಕು. ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ಮಗುವನ್ನೂ ಕರೆದುಕೊಂಡು. ನೋಡಬೇಕಾದ್ದು ದೊಡ್ಡ ಸಂಗತಿಗಳನ್ನಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಇದೆಯೇ, ಒಳಗೆ ನೀರಿದೆಯೇ? ಈ ಒಂದು ಕಾರಣಕ್ಕೆ ಬೆಳಗಿನಿಂದ ನೀರೇ ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ಪ್ರಯೋಗಾಲಯದ ಬೀಗ ತುಕ್ಕು ಹಿಡಿದಿದೆಯೇ? ಗ್ರಂಥಾಲಯದ ರಿಜಿಸ್ಟರಿನಲ್ಲಿ ಕೊನೆಯ ಸಹಿ ಯಾವ ತಿಂಗಳದು? ಯಾವುದಾದರೊಂದು ಮಗುವಿನ ಗಣಿತದ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯ ಗುರುತು ಬರೀ ಗೀರೋ, ತಪ್ಪಿದ ಹೆಜ್ಜೆಯ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದಾರೋ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2007ರಿಂದ ಹೈಸ್ಕೂಲಿನವರಿಗೂ ಬಿಸಿಯೂಟವಿದೆ. ಊಟದ ಹೊತ್ತಿಗೆ ಹೋದರೆ ಅನ್ನ ಸಾರಿನ ರುಚಿ ತಿಳಿಯುವುದರ ಜೊತೆಗೆ, ಮಕ್ಕಳು ಮೇಷ್ಟ್ರ ಎದುರು ಹೆದರಿ ಮುದುಡುತ್ತಾರೋ, ಮಾತಾಡುತ್ತಾರೋ ಅದೂ ತಿಳಿಯುತ್ತದೆ. ಗಣಿತ, ವಿಜ್ಞಾನ ಕಲಿಸುವವರು ಕಾಯಂ ಶಿಕ್ಷಕರೋ ಅತಿಥಿ ಶಿಕ್ಷಕರೋ, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನೂ ಕೇಳಬೇಕು. ಅತಿಥಿ ಶಿಕ್ಷಕರಲ್ಲಿ ಚೆನ್ನಾಗಿ ಕಲಿಸುವವರು ಇಲ್ಲವೆಂದಲ್ಲ, ಮುಂದಿನ ಜೂನ್‌ನಲ್ಲಿ ಅವರೇ ಇರುತ್ತಾರೆಂಬ ಭರವಸೆ ಅವರಿಗೇ ಇರುವುದಿಲ್ಲ.

ಹೀಗೆ ಕೇಳಲು ಸಂಕೋಚಪಡುವವರು ತಿಳಿಯಬೇಕಾದ ಕೆಲವು ಸಂಗತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮಿನ ಪ್ರಕಾರ ಎಂಟನೆಯ ತರಗತಿಯವರೆಗಿನ ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ, ಸಂದರ್ಶಿಸಿ ಆರಿಸುವಂತಿಲ್ಲ, ವಂತಿಗೆ ಕೇಳುವಂತಿಲ್ಲ. ಒಂಬತ್ತಕ್ಕೆ ಈ ರಕ್ಷಣೆ ಇಲ್ಲವಾದ್ದರಿಂದ ಎಂಟಕ್ಕೇ ಶಾಲೆ ಬದಲಿಸುವುದು ಜಾಣತನ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂಬ ತೀರ್ಪು ಬಂದದ್ದೂ, ಕಾಕತಾಳೀಯವೆನ್ನುವಂತೆ, 2014ರ ಅದೇ ಮೇ 6ರಂದು. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅದರಲ್ಲಿರುವ ಪೋಷಕರೊಬ್ಬರ ಮನೆಗೆ ಹೋಗಿ ಕಾಫಿ ಕುಡಿದರೆ ಗೋಡೆಯ ಮೇಲೆ ಬರೆಯದ ಸುದ್ದಿಗಳೆಲ್ಲ ಸಿಗುತ್ತವೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ ಇದೆ. ಅದನ್ನು ಹಿಡಿದು ಹುಡುಕಿದರೆ ಕೊಠಡಿ, ಶಿಕ್ಷಕರು, ಮಕ್ಕಳ ಸಂಖ್ಯೆ ಅಂತರಜಾಲದಲ್ಲಿ ಕಾಣುತ್ತದೆ. ಶಾಲೆಯವರೇ ತುಂಬಿ ಕೊಟ್ಟ ಲೆಕ್ಕ ಅದು, ಕಣ್ಣಿಂದ ನೋಡಿದ್ದಕ್ಕೆ ಸಮನಲ್ಲ.

ಭದ್ರಾವತಿಯಿಂದ ಮಗುವನ್ನು ಶಿವಮೊಗ್ಗಕ್ಕೆ ಕಳಿಸಬೇಕೆಂದಿರುವವರು ಅದೇ ದಿನ ಇನ್ನೊಂದು ಕೆಲಸ ಮಾಡಬಹುದು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ಹೊರಗೆ ಬರುವ ಮಕ್ಕಳನ್ನು ನೋಡಿ, ಅವರ ಜೊತೆಗೇ ಬಸ್ ನಿಲ್ದಾಣಕ್ಕೆ ನಡೆದು ಬಸ್ಸು ಹತ್ತಬೇಕು. ಕೂರಲು ಜಾಗ ಸಿಕ್ಕಿತೇ, ಮನೆ ತಲುಪಿದಾಗ ಗಂಟೆ ಎಷ್ಟು, ಹದಿಮೂರು ವರ್ಷದ ಮಗುವಿಗೆ ಅಷ್ಟು ಹೊತ್ತಿಗೆ ಪುಸ್ತಕ ತೆರೆಯುವ ಶಕ್ತಿ ಉಳಿದಿತ್ತೇ ಎಂಬುದನ್ನು ಯಾವ ಓಪನ್ ಹೌಸಿನಲ್ಲೂ ತೋರಿಸುವುದಿಲ್ಲ.