ಹೆಳವರ ಹೊತ್ತಿಗೆಯಲ್ಲಿ ಮನೆತನದ ಜಾಡು

ಕನಕಗಿರಿ ತಾಲ್ಲೂಕಿನ ಹುಲಿಹೈದರದಂಥ ಊರಿನಲ್ಲಿ ಮುತ್ತಜ್ಜನ ತಂದೆಯ ಹೆಸರು ಹುಡುಕಹೊರಟವರಿಗೆ ಕಾಗದಪತ್ರ ಬೇಗನೆ ಕೈಕೊಡುತ್ತದೆ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದ ಕಂದಾಯ ದಾಖಲೆ ಹೆಚ್ಚಾಗಿ ಉರ್ದುವಿನದು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಇಂಗ್ಲೆಂಡಿನಲ್ಲಾದರೋ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಚರ್ಚಿನಲ್ಲೂ ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಗಿತ್ತು.

ಹಾಗೆಂದು ಇಲ್ಲಿ ಬರೆದಿಟ್ಟವರೇ ಇರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದಲ್ಲಿ ಆ ಕೆಲಸ ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತೇರಿ ಬಂದು, ಮನೆಯ ಮುಂದೆ ವಂಶಾವಳಿ ಹಾಡಿ ಹೊಗಳುವುದು ಅವರ ಕುಲವೃತ್ತಿ. ಹೆಳವ ಎಂದರೆ ಕಾಲಿಲ್ಲದವ. ಅಂಥವನೊಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು ಈ ಕಾಯಕಕ್ಕೆ ಹಚ್ಚಿದರೆಂಬುದು ಅವರ ಐತಿಹ್ಯ. ಲಿಂಗಾಯತ, ಕುರುಬ, ರಡ್ಡಿ ಮುಂತಾದ ಒಕ್ಕಲುಗಳಿಗೆಲ್ಲ ಹೆಳವರುಂಟು.

ಯಾರ ಮನೆಗೆ ಯಾವ ಹೆಳವರೆಂಬುದು ವಂಶಪಾರಂಪರ್ಯವಾಗಿ ನಿಗದಿಯಾದದ್ದು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಂಡಂತೆ ಅವರು ಒಕ್ಕಲು ಹಂಚಿಕೊಳ್ಳುತ್ತಾರೆ. ಆದ್ದರಿಂದ ಹುಡುಕುವವರು ಮೊದಲು ಕೇಳಬೇಕಾದದ್ದು ತಮ್ಮ ಮನೆಯ ಹೆಳವರಾರೆಂದು. ಅವರು ಬರುವುದು ನಿಂತಿದ್ದರೆ, ಅದೇ ಬೆಡಗಿನ ದಾಯಾದಿಗಳನ್ನು ಬೇರೆ ಊರುಗಳಲ್ಲಿ ವಿಚಾರಿಸಬೇಕು.

ಹೊತ್ತಿಗೆಯಲ್ಲಿ ಸಿಗುವುದು ಬೆಡಗು, ಮೂಲಸ್ಥಳ, ಅಲ್ಲಿಂದ ಗುಳೆ ಬಂದ ದಾರಿ, ಪೀಳಿಗೆವಾರು ಗಂಡುಮಕ್ಕಳ ಹೆಸರು. ಯಾರು ಕಾಳು ಕೊಟ್ಟರು, ಯಾರು ಆಕಳು ಕೊಟ್ಟರು ಎಂಬುದೂ ಉಂಟು. ದಾನ ಪಡೆದವರು ಬರೆದ ವಂಶಾವಳಿಯಾದ್ದರಿಂದ ಹೊಗಳಿಕೆ ಸಹಜ. ಮೇಲಿನ ತುದಿ ಪುರಾಣಕ್ಕೆ ತಾಗಿದರೆ ಅದನ್ನು ಇತಿಹಾಸವೆಂದು ಎಣಿಸಬೇಕಿಲ್ಲ. ಕೆಳಗಿನ ಐದಾರು ತಲೆಮಾರಿಗೇ ಬೆಲೆ ಹೆಚ್ಚು.

ಅಲ್ಲೂ ತೊಡಕಿದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಮರುಕಳಿಸುತ್ತದೆ. ಯಾವ ಬಸಪ್ಪ ಯಾವನೆಂದು ಬಿಡಿಸಲು ಹಳೆಯ ಪಹಣಿ, ಖರೀದಿ ಪತ್ರ ನೆರವಾಗುತ್ತವೆ. ಅವುಗಳಲ್ಲಿ ‘ವಲದ್’ ಎಂಬ ಮಾತಿನ ಮುಂದೆ ತಂದೆಯ ಹೆಸರಿರುತ್ತದೆ. ಪತ್ರದ ಇಸವಿ ಹಿಡಿದು ಹೊತ್ತಿಗೆಯ ಹೆಸರಿಗೆ ಕಾಲ ಕಟ್ಟಬಹುದು.

ಇಂದು ಪೌತಿ ಖಾತೆಗೆ ವಂಶವೃಕ್ಷ ಬೇಕೆಂದಾಗ ಜನ ಕಚೇರಿಗೆ ಹೋಗುತ್ತಾರೆ. ಅದು ಹಕ್ಕಿನ ಪ್ರಶ್ನೆ. ಹೆಳವರ ಹಾಡು ಅಲ್ಲಿ ನಡೆಯದು. ಇತ್ತ ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಹೊತ್ತಿಗೆ ಮುಂದುವರಿಸುವವರು ಕಡಿಮೆಯಾಗುತ್ತಿದ್ದಾರೆ. ಬಂದಾಗ ಓದಿಸಿ, ಅವರು ಒಪ್ಪಿದರೆ ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು. ಪಕ್ಕದಲ್ಲಿ ಮನೆಯ ಮುದುಕಿಯೊಬ್ಬಳಿರಲಿ. ಕೊಟ್ಟ ಹೆಣ್ಣುಮಕ್ಕಳು, ತಂದ ಸೊಸೆಯಂದಿರು ಯಾವ ಊರಿನವರೆಂಬುದನ್ನು ಅವಳನ್ನೇ ಕೇಳಿ ಬರೆದುಕೊಳ್ಳಬೇಕು.